ಮೇಣದಕ್ಕನ ಗಾಜು ನೀಲಿಯಾಗಲಿಲ್ಲ

ಈ ಬೆಳಗ್ಗೆ ಚಳಿ ಚೆನ್ನಾಗಿ ಬಿದ್ದಿದೆ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಕಿಟಕಿಯ ಗಾಜಿಗೆ ಬೆರಳಿಟ್ಟರೆ ಗುರುತು ಉಳಿಯುತ್ತದೆ. ಊರೆಲ್ಲ ಅಂಗೈ ಉಜ್ಜಿಕೊಳ್ಳುವ ಈ ಹೊತ್ತಿನಲ್ಲಿ ಪ್ರಯೋಗಾಲಯದ ಕೊನೆಯ ಕೋಣೆಯ ಹೆಂಗಸಿಗೆ ಮಾತ್ರ ಹಿಗ್ಗೋ ಹಿಗ್ಗು.

"ಮೇಣಕ್ಕೆ ಇಂಥ ಚಳಿನೇ ಬೇಕು. ಸೆಕೆಗಾಲದಲ್ಲಿ ಅದಕ್ಕೆ ಎಲ್ಲಿಲ್ಲದ ಮುನಿಸು, ಮುಟ್ಟಿದ್ರೆ ಮುದುರ್ಕೊಳ್ಳುತ್ತೆ. ಇವತ್ತು ನೋಡಿ, ಕರೆದ ಕಡೆ ಬರುತ್ತೆ," ಎನ್ನುತ್ತ ಅವರು ಸ್ಟೂಲನ್ನು ಯಂತ್ರದ ಹತ್ತಿರ ಎಳೆದುಕೊಳ್ಳುತ್ತಾರೆ. ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ದೇವರ ಹತ್ತಿರ ಏನು ಕೇಳಿಕೊಂಡಿರಿ ಎಂದರೆ ನಗು. "ಕೈ ನಡುಗದೇ ಇರ್ಲಿ ಅಂತ. ಅದಕ್ಕಿಂತ ಜಾಸ್ತಿ ಕೇಳಿದ್ರೆ ಅವನಿಗೂ ತೊಂದರೆ, ನನಗೂ ತೊಂದರೆ."

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಮೇಣದಕ್ಕ. ರೋಗಿಯ ಮೈಯಿಂದಲೋ ಮರಣೋತ್ತರ ಪರೀಕ್ಷೆಯ ಮೇಜಿನಿಂದಲೋ ಬಂದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಗಾಜಿನ ಸ್ಲೈಡಿಗೆ ಹತ್ತಿಸಿ, ಬಣ್ಣ ಕಟ್ಟಿ ಡಾಕ್ಟರ ಸೂಕ್ಷ್ಮದರ್ಶಕದ ಕೆಳಗೆ ಇಡುವುದು ಅವರ ಕೆಲಸ. ಬಲಗೈ ಚಕ್ರ ತಿರುಗಿಸುತ್ತದೆ. ಮೇಣದ ಅಚ್ಚು ಅಲಗಿನ ಮೇಲೆ ಇಳಿದು ಏಳುತ್ತದೆ. ಅಚ್ಚು ಗಡುಸಾಯಿತು ಅನ್ನಿಸಿದಾಗ ಅವರು ಬಗ್ಗಿ, ಬಿದ್ದ ಮಗುವಿನ ಮೊಣಕಾಲಿಗೆ ಊದುವ ಹಾಗೆ ಅದರ ಮೇಲೊಮ್ಮೆ ಬೆಚ್ಚಗೆ ಉಸಿರು ಬಿಡುತ್ತಾರೆ. ಆಮೇಲೆ ಬರುವುದು ಕೂದಲೆಳೆಯನ್ನು ಇಪ್ಪತ್ತು ಪಾಲು ಮಾಡಿದಷ್ಟು ತೆಳುವಾದ ಪಟ್ಟಿ. ಅದನ್ನು ಕುಂಚದ ತುದಿಯಲ್ಲಿ ಎತ್ತಿ ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ.

ದಿನಕ್ಕೆ ಅರವತ್ತು ಅಚ್ಚು. ಇಪ್ಪತ್ತಾರು ವರ್ಷ. ಸ್ಲೈಡುಗಳು ನಾಲ್ಕು ಲಕ್ಷ ದಾಟಿರಬೇಕು. ಹತ್ತೊಂಬತ್ತನೇ ವಯಸ್ಸಿಗೆ ಬಾಟಲಿ ತೊಳೆಯಲು ಸೇರಿದವರು, ಚಕ್ರದ ಮುಂದೆ ಕೂತಿದ್ದ ಹಿರಿಯರ ಕೈಯನ್ನೇ ನೋಡುತ್ತ ನೋಡುತ್ತ ಕಲಿತರು. ಕಲಿಕೆಗೆ ತೆತ್ತದ್ದೂ ಇದೆ. ಮಾಂಸ ಕೆಡದಂತೆ ಇಡುವ ಫಾರ್ಮಲಿನ್ ಎಂಬ ದ್ರಾವಣ ಮೂಗಿನ ಶಕ್ತಿಯನ್ನು ಅರ್ಧ ತಿಂದುಹಾಕಿದೆ. ಹೆಬ್ಬೆರಳ ಗೆರೆಗಳು ಸವೆದು ನುಣ್ಣಗಾಗಿವೆ. "ಹಾಜರಿ ಮೆಷೀನ್ ನನ್ನ ಗುರುತೇ ಹಿಡಿಯಲ್ಲ. ಅದರ ಪ್ರಕಾರ ನಾನು ಹುಟ್ಟೇ ಇಲ್ಲ!"

ಅವರ ಯಜಮಾನರು ಬಸ್ ಡ್ರೈವರ್. ಬೆಳಗಿನ ಸರದಿಗೆ ಹೋಗುವ ದಾರಿಯಲ್ಲಿ ಹೆಂಡತಿಯ ಬುತ್ತಿ ಕೊಟ್ಟು ಹೋಗಲು ಬಂದವರು ಬಾಗಿಲಲ್ಲೇ ನಿಂತು ದೂರು ಹೇಳುತ್ತಾರೆ: "ನಮ್ಮನೇಲಿ ಈರುಳ್ಳಿ ಹೆಚ್ಚೋದು ನಾನೇ. ಇವಳು ಹೆಚ್ಚಿದ್ರೆ ತಟ್ಟೇಲಿ ಹುಡುಕೋಕೆ ದುರ್ಬೀನು ಬೇಕಾಗುತ್ತೆ."

"ಹೋಗ್ರೀ, ಬಸ್ ನಿಮ್ಮನ್ನ ಬಿಟ್ಟು ಹೋದೀತು!"

ನಾಲ್ಕು ಲಕ್ಷ ಗಾಜುಗಳಲ್ಲಿ ಒಂದರ ಕತೆಯನ್ನು ಇಲ್ಲಿ ಹೇಳಲೇಬೇಕು. ಎರಡು ವರ್ಷದ ಹಿಂದೆ, ಗೋಡೆಗೆ ಬಣ್ಣ ಬಳಿಯುತ್ತಿದ್ದವನೊಬ್ಬನನ್ನು ಕಳವಿನ ಅನುಮಾನದ ಮೇಲೆ ಪೊಲೀಸರು ಕರೆದೊಯ್ದರು. ಎರಡನೆಯ ದಿನ ಅವನು ಠಾಣೆಯಲ್ಲೇ ತೀರಿಕೊಂಡ. ಬೆನ್ನು, ತೊಡೆಗಳ ಮೇಲೆ ಕಂದುಗಟ್ಟಿದ ಕಲೆಗಳು. ಹೊಡೆದಿದ್ದಾರೆ ಎಂದಳು ಹೆಂಡತಿ. ಹೃದಯ ನಿಂತು ಸತ್ತ, ಕಲೆಗಳು ಎಂಟು ದಿನದ ಹಿಂದೆ ಏಣಿಯಿಂದ ಜಾರಿದಾಗಿನವು ಎಂದರು ಪೊಲೀಸರು. ಏಣಿಯಿಂದ ಜಾರಿದ್ದಂತೂ ನಿಜ, ಓಣಿಗೆಲ್ಲ ಗೊತ್ತು. ಆದರೆ ಅವನು ಬಿದ್ದದ್ದು ಕೈಯೂರಿಕೊಂಡು. ಠಾಣೆಗೆ ಹೋಗುವ ಹಿಂದಿನ ದಿನ ಬೆನ್ನು ಉಜ್ಜಿಕೊಟ್ಟವಳು ನಾನು, ಒಂದು ಗೆರೆ ಇರಲಿಲ್ಲ ಎಂದು ಅವಳು ಹೇಳಿದ್ದನ್ನು ಬರೆದುಕೊಂಡವರಿಲ್ಲ.

ನಿರ್ಧಾರ ಸ್ಲೈಡಿನ ಮೇಲೆ ನಿಂತಿತು. ಪೆಟ್ಟು ಬಿದ್ದ ಜಾಗದಲ್ಲಿ ಉಳಿದ ರಕ್ತ ಮೂರ್ನಾಲ್ಕು ದಿನ ಕಳೆದರೆ ಕಬ್ಬಿಣದಂತೆ ತುಕ್ಕು ಹಿಡಿಯುತ್ತದೆ, ಕಂದು ಕಣಗಳಾಗಿ ಕಾಣುತ್ತದೆ. ಆಸ್ಪತ್ರೆಯ ದೊಡ್ಡ ಡಾಕ್ಟರು ನೋಡಿದರು, ಕಂದು ಕಣಗಳು ಕಂಡವು. ಗಾಯಗಳು ವಾರಕ್ಕಿಂತ ಹಳೆಯವು ಎಂದು ಬರೆದರು. ಅವರಲ್ಲಿ ಕಪಟವಿರಲಿಲ್ಲ, ಕಂಡದ್ದನ್ನೇ ಬರೆದರು. ಹೆಂಡತಿ ಬಿಡಲಿಲ್ಲ. ವರ್ಷದ ಮೇಲೆ ವಿಚಾರಣೆಯ ನ್ಯಾಯಾಧೀಶರು ಅದೇ ಅಚ್ಚಿನಿಂದ ಹೊಸ ಸ್ಲೈಡು ಮಾಡಿಸಿ ಬೇರೊಬ್ಬ ಡಾಕ್ಟರಿಗೆ ತೋರಿಸಿ ಎಂದು ಆದೇಶ ಬರೆದರು.

ಅಚ್ಚು ಹುಡುಕಲು ಹಳೆಯ ರಿಜಿಸ್ಟರು ತೆರೆದಾಗ ಮೇಣದಕ್ಕನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಆ ತಾರೀಖಿನ ಪಕ್ಕದಲ್ಲಿ ಅವರದೇ ಅಕ್ಷರ: 'ಉಪ್ಪು ಇಲ್ಲ.' ಫಾರ್ಮಲಿನ್ನಿನ ಹುಳಿ ಮುರಿಯಲು ಬೆರೆಸುವ ಉಪ್ಪು ಆ ವಾರ ಸ್ಟೋರಿನಲ್ಲಿ ಮುಗಿದಿತ್ತು. ಮಾಂಸ ಕೊಳೆಯಬಾರದಲ್ಲ, ಅದಿಲ್ಲದೆಯೇ ಹಾಕಿದ್ದರು. ಹುಳಿಯ ಫಾರ್ಮಲಿನ್ನಿನಲ್ಲಿ ರಕ್ತ ತುಂಬಿದ ಚೂರು ಕೂತರೆ ತಾನಾಗಿಯೇ ಒಂದು ಕಂದು ಧೂಳು ಕಟ್ಟುತ್ತದೆ. ನೋಡಲು ಥೇಟ್ ತುಕ್ಕು. ಬಾಟಲಿ ತೊಳೆದವರಿಗೆ ಗೊತ್ತಾಗುವ ವಿಷಯ ಅದು.

"ಆವತ್ತು ಊಟ ಸೇರ್ಲಿಲ್ಲ," ಎನ್ನುತ್ತಾರೆ. "ಡಾಕ್ಟ್ರು ನೋಡಿದ್ದು ಅವನ ಗಾಯದ ವಯಸ್ಸಲ್ಲ, ನನ್ನ ಬಾಟ್ಲಿ ಕೊಳೆ ಇರಬಹುದು ಅನ್ನಿಸ್ತು. ಯಾರಿಗೆ ಹೇಳ್ಲಿ? ಹೇಳಿದ್ರೆ ಕೆಲಸಕ್ಕೇ ಸಂಚಕಾರ."

ಆಸ್ಪತ್ರೆಗೆ ಸಾಮಾನು ತರಿಸುವ ಸ್ಟೋರಿನ ಅಣ್ಣ ಕೈ ಮುಗಿದೇ ಕೇಳಿದನಂತೆ. "ಅಕ್ಕಾ, ಸುಮ್ನಿರಿ. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ನಿಮಗೆ? ಉಪ್ಪಿನ ವಿಷಯ ಎತ್ತಿದ್ರೆ ನನ್ನ ತಲೆಯೂ ಹೋಗುತ್ತೆ."

"ನಿನ್ನ ತಲೇಲಿ ಏನಿದೆ ಅಂತ ಇಷ್ಟು ಜೋಪಾನ ಮಾಡ್ತೀಯಪ್ಪಾ? ಆ ಹೆಣ್ಣುಮಗಳು ಒಂದು ಕಾಗದಕ್ಕೋಸ್ಕರ ವರ್ಷದಿಂದ ಮೆಟ್ಟಿಲು ಹತ್ತಿ ಇಳೀತಿದ್ದಾಳೆ. ಹೇಳದೇ ಹೋದ್ರೆ ನಾಳೆ ಬೆಳಿಗ್ಗೆ ಈ ಚಕ್ರದ ಮುಂದೆ ಕಣ್ಣು ಮುಚ್ಚಿ ಏನು ಕೇಳ್ಕೊಳ್ಲಿ ನಾನು?"

ಹೊಸದಾಗಿ ನೋಡಬೇಕಿದ್ದ ಡಾಕ್ಟರಮ್ಮನ ಮುಂದೆ ರಿಜಿಸ್ಟರು ತೆರೆದಿಟ್ಟರು. ಡಾಕ್ಟರಮ್ಮ ಹೊಸ ಸ್ಲೈಡಿಗೆ ಒಂದು ವಿಶೇಷ ಬಣ್ಣ ಕಟ್ಟಿಸಿದರು. ನಿಜವಾದ ತುಕ್ಕಾದರೆ ಆ ಬಣ್ಣಕ್ಕೆ ನೀಲಿಯಾಗುತ್ತದೆ, ಬಾಟಲಿಯ ಧೂಳಾದರೆ ಆಗುವುದಿಲ್ಲ. ಜೊತೆಗೆ, ಬಣ್ಣವೇ ಕೆಟ್ಟಿದೆ ಎಂದು ಯಾರೂ ಅನ್ನದಂತೆ, ನಿಶ್ಚಯವಾಗಿ ಹಳೆಯದೆಂದು ಗೊತ್ತಿದ್ದ ಬೇರೊಂದು ಗಾಯದ ಸ್ಲೈಡೂ ಪಕ್ಕದಲ್ಲೇ ಮುಳುಗಿತು. ಹಳೆಯ ಗಾಯ ನೀಲಿ ನೀಲಿ. ಠಾಣೆಯಲ್ಲಿ ಸತ್ತ ಬಣ್ಣದವನ ಗಾಜು ನೀಲಿಯಾಗಲಿಲ್ಲ. ಅವನದೇ ಅಚ್ಚಿನ ಇನ್ನೊಂದು ಸ್ಲೈಡನ್ನು ಧೂಳು ಕಳೆಯುವ ಹಳದಿ ದ್ರಾವಣದಲ್ಲಿ ಅದ್ದಿದಾಗ ಕಂದು ಕಣಗಳೇ ಮಾಯ.

ವಿಚಾರಣೆಯ ದಿನ ಪೊಲೀಸರ ಕಡೆಯ ವಕೀಲರು ಕೋಟು ಸರಿಮಾಡಿಕೊಂಡು ಎದ್ದರಂತೆ. ಮೇಣದಕ್ಕ ಅದನ್ನು ಎರಡೂ ದನಿಯಲ್ಲಿ ಆಡಿ ತೋರಿಸುತ್ತಾರೆ.

"ನೀವೇನು ಡಾಕ್ಟರಾ?"

"ಅಲ್ಲ ಸಾರ್. ಡಾಕ್ಟ್ರು ಏನು ನೋಡ್ತಾರೋ ಅದನ್ನ ಮಾಡಿಕೊಡೋಳು."

"ಅಂದರೆ ಆ ದಿನ ನೀವೇ ತಪ್ಪು ಮಾಡಿದಿರಿ?"

"ಹೌದು ಸಾರ್. ಅದನ್ನ ಹೇಳೋಕೇ ಬಂದಿರೋದು. ನೀವು ಕೇಳಿದ್ದು ಒಳ್ಳೇದಾಯ್ತು, ಎಲ್ಲಿಂದ ಶುರು ಮಾಡೋದು ಅಂತ ಯೋಚಿಸ್ತಿದ್ದೆ."

ನ್ಯಾಯಾಲಯವೇ ನಕ್ಕಿತು. ನ್ಯಾಯಾಧೀಶರು ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಂದು ಗಾಜು, ಇನ್ನೊಂದು ಗಾಜು, ಮತ್ತೆ ಮೊದಲನೆಯದು. ಎಂಟು ದಿನದ ಗಾಯವಾಗಿದ್ದರೆ ನೀಲಿ ಕಾಣದೆ ಇರುತ್ತಿರಲಿಲ್ಲ, ಈ ಗಾಯಗಳ ಬೇರೆ ಲಕ್ಷಣಗಳೂ ಎರಡು ದಿನದ ಒಳಗಿನವು ಎಂದು ಡಾಕ್ಟರಮ್ಮ ವಿವರಿಸಿದರು. ಆ ಎರಡು ದಿನ ಅವನು ಎಲ್ಲಿದ್ದ ಎಂಬುದಕ್ಕೆ ಸಾಕ್ಷಿ ಬೇಕಿರಲಿಲ್ಲ, ಠಾಣೆಯ ದಿನಚರಿಯೇ ಹೇಳುತ್ತಿತ್ತು. ಈಗ ಇಬ್ಬರು ಪೊಲೀಸರ ಮೇಲೆ ಮೊಕದ್ದಮೆ ನಡೆಯುತ್ತಿದೆ. ಮೇಣದಕ್ಕನಿಗೆ ಒಂದು ಎಚ್ಚರಿಕೆ ಪತ್ರ ಬಂತು. "ಜೋಪಾನವಾಗಿ ಎತ್ತಿಟ್ಟಿದೀನಿ. ಇಷ್ಟು ವರ್ಷದಲ್ಲಿ ಮೇಲಿನವರು ನನ್ನ ಹೆಸರು ಬರೆದ ಒಂದೇ ಕಾಗದ ಅದು!" ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ಸ್ಟೋರಿನ ಅಣ್ಣ ಎಲ್ಲರಿಗಿಂತ ಜೋರಾಗಿ. ಅವನ ತಲೆ ಇದ್ದಲ್ಲೇ ಇದೆ.

ದೊಡ್ಡ ಡಾಕ್ಟರು ಮಾತ್ರ ತಿಂಗಳುಗಟ್ಟಲೆ ಏನನ್ನೂ ತಿದ್ದಲಿಲ್ಲ. ಅವರ ಹಳೆಯ ವರದಿ ಹಾಗೇ ಉಳಿದಿತ್ತು. ನ್ಯಾಯಾಲಯ ಒಪ್ಪಿದರೇನು, ನನ್ನ ಗಂಡನ ಫೈಲಿನಲ್ಲಿ 'ಹಳೆಯ ಗಾಯ' ಅಂತಲೇ ಇದೆ, ಅದು ಹೋಗಬೇಕು ಎಂದು ಹೆಂಡತಿ ಮನವಿ ಬರೆದಿದ್ದಳು. ಕಾಗದ ಸಿದ್ಧವಾಗಿದೆ, ಬನ್ನಿ ಎಂದು ನಿನ್ನೆ ಕಚೇರಿಯಿಂದ ಕರೆ ಹೋಗಿದೆ.

ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ ಮೇಣದಕ್ಕ ತೇಲುತ್ತಿರುವ ಪಟ್ಟಿಯಿಂದ ಕಣ್ಣೆತ್ತದೆ ಹೇಳುತ್ತಾರೆ: "ಉಪ್ಪು ಮುಗಿಯೋಕೆ ಮುಂಚೆ ಉಪ್ಪು ಬರ್ಲಿ. ನಾನು ಮಾಡಿದ ಗಾಜು ಯಾರ ಮೇಲೂ ಸುಳ್ಳು ಹೇಳದೇ ಇರ್ಲಿ. ಅಷ್ಟೇ."

ಹತ್ತು ಗಂಟೆಗೆ ಬಣ್ಣದವನ ಹೆಂಡತಿ ಬರುತ್ತಾಳೆ. ಕಚೇರಿಗೆ ಹೋಗುವ ಮೊದಲು ಇಲ್ಲಿ ಇಣುಕುವುದು ಅವಳಿಗೆ ರೂಢಿಯಾಗಿದೆ. "ಅಕ್ಕಾ, ಮಗಳಿಗೂ ನಿಮ್ಮ ಕೆಲಸನೇ ಬೇಕಂತೆ. ಮನೇಲಿ ಮೇಣದಬತ್ತಿ ಎಲ್ಲಾ ಸೀಳಿ ಇಟ್ಟಿದಾಳೆ, ಕರೆಂಟ್ ಹೋದ್ರೆ ನಮ್ಮ ಗತಿ ಅಷ್ಟೇ." ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿರುವಾಗ ಬಾಗಿಲಲ್ಲಿ ನೆರಳಾಗುತ್ತದೆ.

ದೊಡ್ಡ ಡಾಕ್ಟರು. ಜವಾನನ ಕೈಲಿ ಕಳಿಸಬಹುದಾಗಿದ್ದ ಲಕೋಟೆಯನ್ನು ತಾವೇ ಹಿಡಿದು ಬಂದಿದ್ದಾರೆ. ಅವರು ಲಕೋಟೆ ಮುಂದೆ ಚಾಚಿದರೂ ಅವಳು ಕೈ ನೀಡುವುದಿಲ್ಲ.

"ಓದಿ ಡಾಕ್ಟ್ರೇ. ನಿಮ್ಮ ಬಾಯಿಂದಲೇ ಕೇಳ್ಬೇಕು."

ಅವರು ಕಾಗದ ಬಿಚ್ಚುತ್ತಾರೆ, ಕನ್ನಡಕ ಏರಿಸುತ್ತಾರೆ. ನಿಂತುಕೊಂಡೇ, ತಗ್ಗಿದ ದನಿಯಲ್ಲಿ, ಒಂದಕ್ಷರ ಬಿಡದೆ ಓದುತ್ತಾರೆ: ಗಾಯಗಳು ಹೊಸವು, ಸಾವಿಗೆ ಮುಂಚಿನ ಎರಡು ದಿನಗಳ ಒಳಗಿನವು, ಈ ಬಗ್ಗೆ ನಾನು ಹಿಂದೆ ನೀಡಿದ ಅಭಿಪ್ರಾಯ ತಪ್ಪಾಗಿತ್ತು. ಕೊನೆಗೆ ತಮ್ಮ ಹೆಸರನ್ನೂ ಓದುತ್ತಾರೆ. ಆಮೇಲೆ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ, ಎರಡೂ ಕೈಯಿಂದ ಅವಳ ಕೈಗಿಡುತ್ತಾರೆ.

"ಇದು ನಿಮ್ಮದು, ತಾಯಿ. ತಡವಾಯ್ತು."