ಪೇಡವೋ ಜಿಲೇಬಿಯೋ

ಸ್ನೇಹಿತರೇ, ಇವತ್ತು ಪಿರಿಯಾಪಟ್ಟಣದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆ ತುಂಬ ನೀರು ಕುಡಿದು ನನ್ನ ಸರದಿಗೆ ಕಾಯುತ್ತಿದ್ದೆ. ನನಗಿಂತ ಮುಂಚಿನ ಬಸುರಿಯ ಸ್ಕ್ಯಾನಿಂಗ್ ಮುಗಿದು, ಅವಳ ಜೊತೆ ಡಾಕ್ಟರೂ ಬಾಗಿಲಿಗೆ ಬಂದರು. ಮಗು ಗಂಡೋ ಹೆಣ್ಣೋ ಎಂದು ಕೇಳಬೇಡಿ ಎಂಬ ಬೋರ್ಡು ಗೋಡೆಯ ಮೇಲಿತ್ತು. ಅವಳ ಅತ್ತೆ ಕೇಳಿದ್ದೂ ಅದನ್ನಲ್ಲ.

"ಡಾಕ್ಟ್ರೇ, ಮನೇಗೆ ಪೇಡ ತಕೊಂಡೋಗ್ಲೋ, ಜಿಲೇಬಿ ತಕೊಂಡೋಗ್ಲೋ?"

ಗಂಡಾದರೆ ಪೇಡ, ಹೆಣ್ಣಾದರೆ ಜಿಲೇಬಿ ಹಂಚುವ ನಮ್ಮ ಕಡೆಯ ರೂಢಿ ಡಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ.

"ನಿಮ್ಮ ಸೊಸೆಗೆ ಶುಗರ್ ಇದೆಯಮ್ಮ. ಎರಡೂ ಬೇಡ."

ಅತ್ತೆಗೆ ಅರ್ಥವಾದದ್ದೇ ಬೇರೆ. ಬೆಂಚಿನ ಮೇಲೆ ಕುಸಿದು ನನ್ನ ಕೈ ಹಿಡಿದರು. "ಎರಡೂ ಅಲ್ವಂತೆ ಕಣವ್ವ! ಜಿಲೇಬಿನೇ ಆಗ್ಲಿ ಬುಡಪ್ಪ ದ್ಯಾವ್ರೇ!"

ಬೋರ್ಡಿನಿಂದ ಆಗದ ಕೆಲಸ ಸಕ್ಕರೆ ಕಾಯಿಲೆಯಿಂದ ಆಯಿತು.