ತಿಂಗಳ ಚಂದಾದ ಬ್ಲೇಡು

ಆ ಕ್ಷೌರದಂಗಡಿಯಲ್ಲಿ ಇರುವುದು ಎರಡೇ ಕುರ್ಚಿ. ಬಾಗಿಲ ಪಕ್ಕದ್ದು ಅಣ್ಣನದು, ಕಿಟಕಿ ಪಕ್ಕದ್ದು ತಮ್ಮನದು. ಅವರ ಅಪ್ಪ ಬಿಟ್ಟುಹೋದದ್ದು ಈ ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಜೊತೆಗೆ ಒಂದು ಕಟ್ಟಪ್ಪಣೆ. ಸ್ವಂತ ಗಡ್ಡ ಬೆಳೆಸಿಕೊಂಡು ಇನ್ನೊಬ್ಬರ ಗಡ್ಡಕ್ಕೆ ಕೈ ಹಾಕಕೂಡದು. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಷಟರ್ ಅರ್ಧ ಎತ್ತಿ, ಮೊದಲು ಅಣ್ಣ ತಮ್ಮನ ಗಡ್ಡ ತೆಗೆಯುತ್ತಿದ್ದ, ಆಮೇಲೆ ತಮ್ಮ ಅಣ್ಣನದು. ಷಟರ್ ಪೂರ್ತಿ ಮೇಲೇರುವುದು ಅದಾದ ಮೇಲೆಯೇ.

ಈಗ ಏಳು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಆದದ್ದಿಷ್ಟು. ಅಣ್ಣ ಒಬ್ಬ ಗಿರಾಕಿಯ ಕಿವಿಗೆ ಕತ್ತರಿ ತಾಗಿಸಿಬಿಟ್ಟ. ಎರಡು ದಿನ ಬಿಟ್ಟು ಇನ್ನೊಬ್ಬನ ಕಿವಿಗೆ. ಮೂರನೆಯವನು ಬ್ಯಾಂಕಿನ ಕಾವಲುಗಾರ. ಅವನು ಅಣ್ಣನ ಕುರ್ಚಿಗೆ ಹೋಗುವುದನ್ನು ಕಂಡು, ಅಂಗಡಿ ತುಂಬ ಜನ ಕೂತಿದ್ದಾರೆ ಎಂಬುದನ್ನೂ ಮರೆತು ತಮ್ಮ, “ಇಲ್ಲಿ ಬನ್ನಿ ಸಾರ್, ಅಣ್ಣಂಗೆ ಕಣ್ಣು ಕಾಣಲ್ಲ” ಎಂದುಬಿಟ್ಟ. ಒಳ್ಳೆಯದಕ್ಕೇ ಹೇಳಿದ್ದು. ಆದರೆ ಬಾಯಿಂದ ಬಿದ್ದ ಮಾತನ್ನು ಗುಡಿಸಿ ಬುಟ್ಟಿಗೆ ಹಾಕಲು ಅದೇನು ಕೂದಲೇ? ಅಣ್ಣ ಅವತ್ತೇ ಬಾಯಿಗೆ ಬೀಗ ಹಾಕಿಕೊಂಡ.

ಬೀಗ ಬಿದ್ದದ್ದು ಬಾಯಿಗೆ ಮಾತ್ರ. ಬೆಳಗಿನ ಕ್ಷೌರ ನಿಲ್ಲಲಿಲ್ಲ. ಮಾತು ಬಿಟ್ಟವರು ಒಬ್ಬರ ಬ್ಲೇಡಿಗೆ ಇನ್ನೊಬ್ಬರು ಕತ್ತು ಒಡ್ಡುವುದನ್ನು ಬಿಡಲಿಲ್ಲ, ಇದು ಯಾವ ಸೀಮೆಯ ಕೋಪವೋ! ಅಣ್ಣನ ಬೆರಳು ಗಲ್ಲ ಹಿಡಿದು ಆ ಕಡೆ ತಿರುಗಿಸುತ್ತಿತ್ತು, ಈ ಕಡೆ ತಿರುಗಿಸುತ್ತಿತ್ತು. ಗಡ್ಡದ ಕೆಲಸವೆಲ್ಲ ಅವನು ಬೆರಳಲ್ಲೇ ನೋಡಿ ಮಾಡುವವನು, ತಮ್ಮನಿಗೆ ಒಂದು ದಿನವೂ ಗೀರು ಬಿದ್ದಿರಲಿಲ್ಲ. ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ ನಿಂತು ಒಂದು ಮಾತೂ ಆಡುವುದಿಲ್ಲವಲ್ಲ ಎಂಬುದೇ ತಮ್ಮನ ಕೊರಗು. ಬೈದಿದ್ದರೂ ಬೈಸಿಕೊಳ್ಳುತ್ತಿದ್ದ.

ಹೀಗಿರುವಾಗ ಫೋನಿನಲ್ಲಿ ಒಂದು ಜಾಹೀರಾತು ಬಂತು. ಚಂದಾದಾರರಾದರೆ ತಿಂಗಳು ತಿಂಗಳು ಹೊಸ ಬ್ಲೇಡು ಮನೆ ಬಾಗಿಲಿಗೆ. ಮೊದಲ ತಿಂಗಳು ಪುಕ್ಕಟೆ. ‘ಇನ್ನು ಯಾರ ಹಂಗೂ ಬೇಡ!’ ಹಂಗು ಎಂಬ ಮಾತು ತಮ್ಮನಿಗೆ ನಾಟಿತು. ಹೌದಲ್ಲ, ದಿನಾ ಬೆಳಗಾದರೆ ಆ ಕಲ್ಲಿನಂಥ ಮುಖದ ಕೆಳಗೆ ಹೋಗಿ ಕೂರುವುದೇಕೆ? ಗುಂಡಿ ಒತ್ತಿದ.

ಪಾರ್ಸಲ್ ಬಂದಾಗ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಕ್ಷೌರದವರ ಮನೆಗೆ ಬ್ಲೇಡು ಪಾರ್ಸಲ್ಲಾ? ಬೀದಿ ಜನ ನಗ್ತಾರೆ ಕಣ್ರೀ.”

“ಯಾರಿಗೂ ಗೊತ್ತಾಗಲ್ಲ. ನಿನ್ ಹೆಸರಲ್ಲಿ ತರಿಸಿದೀನಿ.”

“ಒಳ್ಳೇದಾಯ್ತು ಬಿಡಿ. ನಂಗೇ ಗಡ್ಡ ಬಂದಿದೆ ಅಂದ್ಕೊಳ್ತಾರೆ.” ಆಮೇಲೆ ದನಿ ತಗ್ಗಿಸಿ, “ನಿಮ್ಮಿಬ್ಬರ ಮಧ್ಯೆ ಉಳಿದಿರೋದು ಅದೊಂದೇ ರೀ. ಅದನ್ನೂ ಯಾಕೆ ಕಿತ್ಕೊತೀರಿ?” ಎಂದಳು.

ತಮ್ಮನಿಗೂ ಅದು ಗೊತ್ತಿತ್ತು. ಈ ಕ್ಷೌರ ಸರಿಯಾಗಿ ಆಗಿಬಿಟ್ಟರೆ ಇನ್ನು ಅಣ್ಣನ ಕುರ್ಚಿಯಲ್ಲಿ ಕೂರಬೇಕಾಗಿಲ್ಲ, ಅಲ್ಲಿಗೆ ಅಣ್ಣ ತನ್ನನ್ನು ಮುಟ್ಟುವುದೂ ಮುಗಿಯಿತು. ನೆನೆದರೆ ಭಯವಾಯಿತು. ಆದರೆ ಹಟಕ್ಕೆ ಬಿದ್ದವನಿಗೆ ಭಯ ಲೆಕ್ಕಕ್ಕಿಲ್ಲ, ಮರುದಿನ ಬೆಳಿಗ್ಗೆ ಬಚ್ಚಲ ಕನ್ನಡಿಯ ಮುಂದೆ ನಿಂತ.

ಊರಿನ ಅರ್ಧ ಗಂಡಸರ ಮುಖ ಅವನ ಕೈಗೆ ಪಾಠವಾಗಿತ್ತು, ತನ್ನದೊಂದು ಬಿಟ್ಟು. ಗಿರಾಕಿಯ ಹಿಂದೆ, ಪಕ್ಕದಲ್ಲಿ ನಿಂತು ಅಭ್ಯಾಸವಾದ ಕೈ ಈಗ ಮುಂದಿನಿಂದ ಬಂದು ಗಲಿಬಿಲಿಗೊಂಡಿತು. ಎಡಕ್ಕೆ ಎಂದರೆ ಬಲಕ್ಕೆ ಹೋಯಿತು. ಪಾರ್ಸಲ್ಲಿನಲ್ಲಿ ಬಂದ ಹೊಸ ರೇಜರಿನ ತಲೆಯಲ್ಲಿ ಐದು ಬ್ಲೇಡು, ಅದು ಹೇಳಿದಲ್ಲಿ ನಿಲ್ಲದೆ ಹೌದಪ್ಪನ ಹಾಗೆ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು. ಗಲ್ಲದಲ್ಲಿ ರಕ್ತ ಬಂತು. ಬಲಗಿವಿಯ ಪಕ್ಕದ ಕೂದಲು ಒಂದಿಷ್ಟು ಮೇಲೆ ಹೋಯಿತು. ಸರಿಮಾಡಲು ಎಡಗಡೆ ತೆಗೆದ, ಅದು ಇನ್ನೂ ಮೇಲೆ ಹೋಯಿತು. ಮತ್ತೆ ಬಲ, ಮತ್ತೆ ಎಡ. ಮುಗಿಸುವ ಹೊತ್ತಿಗೆ ಎರಡು ಕಿವಿಗಳೂ ಬಟಾಬಯಲಿನಲ್ಲಿ ನಿಂತಿದ್ದವು. ಹೆಂಡತಿ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು.

ಅಂಗಡಿಯ ಷಟರ್ ಅರ್ಧ ಏರಿತ್ತು. ತಮ್ಮ ಬಗ್ಗಿ ಒಳಗೆ ಬಂದ. ಅಣ್ಣ ಎಂದಿನಂತೆ ಬಟ್ಟಲಲ್ಲಿ ಬಿಸಿನೀರಿಟ್ಟು, ನೊರೆ ಕಲಸಿ, ಟವೆಲ್ಲು ತೋಳಿನ ಮೇಲೆ ಹಾಕಿಕೊಂಡು ಕಾಯುತ್ತಿದ್ದ. ತಮ್ಮನ ಕಣ್ಣು ಆ ನೊರೆಯ ಮೇಲೆ ಹೋಯಿತು. ಕೋಪ ಎಷ್ಟಿದ್ದರೂ ಅಣ್ಣ ಒಂದು ದಿನವೂ ತಣ್ಣೀರಲ್ಲಿ ನೊರೆ ಕಲಸಿರಲಿಲ್ಲ.

ಅಣ್ಣ ದಿಟ್ಟಿಸಿದ. ಹತ್ತಿರ ಬಂದ. ಗಲ್ಲ ಹಿಡಿದು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಕೈಯಲ್ಲಿದ್ದ ಬ್ರಶ್ಶಿನಿಂದ ಬೋಳು ಕಿವಿಯ ಪಕ್ಕ ತೋರಿಸಿದ.

“ಯಾವನೋ ಇದನ್ನ ಮಾಡಿದ್ದು?”

ಏಳು ತಿಂಗಳ ಮೇಲೆ ಬಂದ ಮಾತು. ತಮ್ಮ ತಲೆ ತಗ್ಗಿಸಿ ಹೇಳಿದ. “ನಾನೇ.”

“ನೀನಾ? ಕಣ್ಣು ಕಾಣಲ್ವೇನೋ ನಿಂಗೆ?”

ಹೇಳಿದ ಮೇಲೆಯೇ ಅಣ್ಣನಿಗೂ ಕೇಳಿಸಿತು ತಾನು ಏನೆಂದೆನೆಂದು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕವನು ಅಣ್ಣ. ಹೊಟ್ಟೆ ಹಿಡಿದುಕೊಂಡು ನಕ್ಕ, ನೊರೆಯೆಲ್ಲ ಟವೆಲ್ಲಿನ ಮೇಲೆ ಚೆಲ್ಲಿತು. ತಮ್ಮ ನಗುತ್ತಾ ನಗುತ್ತಾ ಅತ್ತುಬಿಟ್ಟ.

“ತಪ್ಪಾಯ್ತಣ್ಣ. ಅಷ್ಟು ಜನರ ಮುಂದೆ ಹಾಗಂದಿದ್ದು.”

“ಅಂದಿದ್ದೇನೋ ನಿಜಾನೇ,” ಅಣ್ಣ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಕನ್ನಡಕ ತೆಗೆದ. “ಮಾಡಿಸಿ ಆರು ತಿಂಗಳಾಯ್ತು. ನಿನ್ನ ಮುಂದೆ ಹಾಕ್ಕೊಂಡ್ರೆ ನೀನು ಗೆದ್ದಂಗಾಗುತ್ತೆ ಅಂತ ಜೇಬಲ್ಲೇ ಇಟ್ಕೊಂಡಿದ್ದೆ. ಅದಕ್ಕೇ ಅಲ್ವೇನೋ ಕತ್ತರಿ ಕೆಲಸಾನೆಲ್ಲ ನಿನ್ ತಲೆಗೆ ಕಟ್ಟಿ ಬರೀ ಗಡ್ಡ ನೋಡ್ಕೋತಿದ್ದಿದ್ದು.” ಕನ್ನಡಕ ಮೂಗಿಗೇರಿಸಿ ಮತ್ತೊಮ್ಮೆ ತಮ್ಮನ ಮುಖ ನೋಡಿದ. “ಅಯ್ಯೋ ದೇವರೇ, ಇದಿಲ್ದೇನೇ ಚೆನ್ನಾಗಿತ್ತು. ಕೂತ್ಕೋ.”

ಗಾಯಕ್ಕೆ ಪಟಿಕದ ತುಂಡು ಒತ್ತಿದ, ಉಳಿದದ್ದನ್ನು ತಿದ್ದಿದ, ಬೈದ. ಆಮೇಲೆ ತಮ್ಮ ಅಣ್ಣನ ಗಡ್ಡ ತೆಗೆದ. ಅವತ್ತು ಷಟರ್ ಪೂರ್ತಿ ಏರುವಾಗ ಹೊರಗೆ ನಾಲ್ಕು ಜನ ಗಿರಾಕಿಗಳು ಕಾಯುತ್ತಿದ್ದರು. ಕನ್ನಡಕ ಹಾಕಿಕೊಂಡೇ ಅಣ್ಣ ಮೊದಲನೆಯವನನ್ನು ತನ್ನ ಕುರ್ಚಿಗೆ ಕರೆದ, ಕತ್ತರಿ ಕೈಗೆತ್ತಿಕೊಂಡ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಮ್ಮ ಫೋನು ತೆಗೆದು ಚಂದಾ ನಿಲ್ಲಿಸಲು ಕೂತ. ಅದು ಸುಮ್ಮನೆ ಬಿಡಬೇಕಲ್ಲ, ಕಾರಣ ಕೇಳಿತು. ಬ್ಲೇಡು ಹರಿತವಿರಲಿಲ್ಲವೇ? ಪಾರ್ಸಲ್ ತಡವಾಯಿತೇ? ಬೆಲೆ ಜಾಸ್ತಿಯೇ? ಬೇರೆ ಕಾರಣವಿದ್ದರೆ ಬರೆಯಿರಿ.

ತಮ್ಮ ಬಾಗಿಲ ಪಕ್ಕದ ಕುರ್ಚಿಯ ಕಡೆ ಒಮ್ಮೆ ನೋಡಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ಅಣ್ಣ ಮಾತಾಡಿಸಿದ.