ಕೊಳವೆ ಕೈಯಲ್ಲಿದ್ದ ಇಪ್ಪತ್ತೈದು ನಿಮಿಷ

ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಐಸಕ್ಕ ಇಲಿಯ ಹೃದಯವೊಂದನ್ನು ಗಾಜಿನ ಕೊಳವೆಯಲ್ಲಿ ಅರೆಯುತ್ತಿದ್ದಳು. ಕೈ ಸದಾ ಐಸಿನಲ್ಲೇ ಇರುತ್ತಿದ್ದುದರಿಂದ ಪ್ರಯೋಗಾಲಯದವರು ಇಟ್ಟ ಹೆಸರು ಅದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಗೋಡೆಗೆ ಹೆಕ್ಸೊಕೈನೇಸ್ ಎಂಬ ಕಿಣ್ವ ಅಂಟಿಕೊಂಡಿರುತ್ತದೆ. ರಕ್ತ ನಿಂತರೆ ಕಳಚತೊಡಗುತ್ತದೆ. ಹೆಚ್ಚು ಅಂಟಿಕೊಂಡು ಉಳಿದಷ್ಟೂ ಹೃದಯ ತಾಳಿಕೊಳ್ಳುತ್ತದೆ. ರಕ್ತ ನಿಲ್ಲಿಸಿಟ್ಟ ಇಲಿಯ ಹೃದಯದಲ್ಲಿ ಎಷ್ಟು ಉಳಿದಿದೆ ಎಂದು ಅವಳು ಅಳೆಯುತ್ತಿದ್ದಳು. ಅರೆಯಲು ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ತಡವಾದರೆ ಕಿಣ್ವ ಕೊಳವೆಯಲ್ಲೇ ಕಳಚಿ ಅಳತೆ ಸುಳ್ಳಾಗುತ್ತದೆ.

ಫೋನ್ ಬಂತು. ಗಂಡ, ಮನೆಯಲ್ಲೇ ಬಟ್ಟೆ ಹೊಲಿಯುವ ದರ್ಜಿ.

“ಎದೆ ಯಾಕೋ ಹಿಡಕೊಂಡ ಹಾಗಿದೆ ಕಣೇ. ಬರ್ತೀಯಾ?”

“ಕರಿದದ್ದು ಬೇಡ ಅಂದ್ರೆ ನಿನ್ನೆ ಕೇಳಿದ್ರಾ? ಕೊಳವೆ ಕೈಯಲ್ಲಿದೆ ರೀ. ಇದೊಂದು ಮುಗಿಸಿ ಬಂದೆ.”

“ಆಯ್ತು ತಾಯಿ, ಮೊದಲು ಇಲಿರಾಯರನ್ನ ವಿಚಾರಿಸ್ಕೋ.”

ಅವನು ನಕ್ಕ. ಅವಳಿಗೂ ನಗು ಬಂತು.

ಗಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಮೊದಲ ಸಲ ಹತ್ತು ನಿಮಿಷ ತಿರುಗಿತು, ಎರಡನೆಯ ಸಲ ಹದಿನೈದು. ತಳದಲ್ಲಿ ಕೂತ ಗಸಿಯನ್ನು ಐಸಿನಲ್ಲಿಟ್ಟು, ಚೀಟಿ ಅಂಟಿಸಿ, ಮನೆಗೆ ಓಡಿದಳು. ಅವನು ಹೊಲಿಗೆ ಯಂತ್ರದ ಮೇಲೆ ತಲೆ ಒರಗಿಸಿಕೊಂಡಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕರೆದರೆ ಬರೀ ಕಣ್ಣು ತೆರೆದ.

ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ತೆರೆದರು. ಅಷ್ಟರಲ್ಲಿ ಹೃದಯದ ಸ್ನಾಯು ಬಹುಪಾಲು ಸತ್ತಿತ್ತು. ಬದುಕಿಸಿ ಅಂತ ಅವಳು ಸಿಕ್ಕಸಿಕ್ಕ ವೈದ್ಯರ ಕೈ ಹಿಡಿದಳು, ವಾರ್ಡು ಗುಡಿಸುವವಳ ಕೈಯನ್ನೂ ಬಿಡಲಿಲ್ಲ. ಮೂರನೆಯ ದಿನ ಅವನು ಕೇಳಿದ್ದು ಒಂದೇ ಮಾತು.

“ನಿನ್ನ ಅಳತೆ ಸರಿ ಬಂತಾ?”

“ಬಂತು ರೀ.”

ಸಂಜೆ ಹೋಗಿಬಿಟ್ಟ.

ತಿಂಗಳು ಕಳೆದು ಕೆಲಸಕ್ಕೆ ಬಂದಳು. ಕೊಳವೆ ಹಿಡಿದಾಗೆಲ್ಲ, ಆವತ್ತೇ ಇದನ್ನು ಬಿಟ್ಟು ಓಡಬೇಕಿತ್ತು ಅನ್ನುತ್ತಿದ್ದಳು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

“ಇಪ್ಪತ್ತೈದು ನಿಮಿಷ ತಾನೆ? ಅಷ್ಟರಲ್ಲಿ ಏನು ಮಹಾ ವ್ಯತ್ಯಾಸ ಆಗ್ತಿತ್ತು? ನಿಮ್ಮನ್ನ ನೀವೇ ಯಾಕೆ ಸುಟ್ಕೋತೀರಿ?”

ಐಸಕ್ಕ ಕೊಳವೆಯನ್ನು ಐಸಿನಲ್ಲಿಟ್ಟಳು.

“ನಾನೇ ಅಳೆದಿದ್ದೀನಲ್ಲ ಮೇಡಂ. ಇಪ್ಪತ್ತೈದು ನಿಮಿಷ ರಕ್ತ ನಿಲ್ಲಿಸಿದ ಹೃದಯದಲ್ಲಿ ಕಳಚಿ ಹೋದದ್ದು ನೂರಕ್ಕೆ ಮೂವತ್ತೇಳು.”